ಮುಚ್ಚಿದ ಕಾರ್ಖಾನೆ ಜಾಗದಲ್ಲಿ ಏನು ಕಟ್ಟಬೇಕು ಅನ್ನುವ ಮೊದಲು ಮಣ್ಣು ನೋಡಬೇಕಲ್ವಾ? (ಭದ್ರಾವತಿ, ಶಿವಮೊಗ್ಗ, ಮಲೆನಾಡಿನವರು ಬನ್ನಿ)

ಪೇಪರ್‌ಟೌನ್ ಹುಡುಗಿ

ನಮ್ಮ ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ನಿಂತು ಹತ್ತು ವರ್ಷ ಆಯಿತು. 1936ರಲ್ಲಿ ಹುಟ್ಟಿದ ಕಂಪನಿ, 2015ರಲ್ಲಿ ಯಂತ್ರಗಳು ನಿಂತವು. ಖಾಸಗಿಯವರಿಗೆ ಗುತ್ತಿಗೆ ಕೊಡುತ್ತಾರಂತೆ ಅನ್ನುವ ಮಾತು ಬರುತ್ತದೆ, ಹೋಗುತ್ತದೆ. ಊರಲ್ಲಿ ಯಾರನ್ನು ಕೇಳಿದರೂ ಆ ಜಾಗಕ್ಕೆ ಒಂದೊಂದು ಯೋಜನೆ ಹೇಳುತ್ತಾರೆ. ಗಾರ್ಮೆಂಟ್ಸ್ ಬರಲಿ, ಮೆಡಿಕಲ್ ಕಾಲೇಜು ಬರಲಿ, ಲೇಔಟ್ ಮಾಡಿ ಸೈಟ್ ಹಂಚಲಿ, ಕಾರ್ಖಾನೆಯೇ ಮತ್ತೆ ಶುರುವಾಗಲಿ.

ನನ್ನ ಪ್ರಶ್ನೆ ಇವೆಲ್ಲಕ್ಕೂ ಮೊದಲಿನದು. ಅಷ್ಟು ವರ್ಷ ಬಿದಿರು, ಮರ ಬೇಯಿಸಿ ತಿರುಳು ತೆಗೆದ ಜಾಗ ಅದು. ಅಲ್ಲಿನ ಮಣ್ಣಲ್ಲಿ, ಅಂತರ್ಜಲದಲ್ಲಿ ಏನಿದೆ ಅಂತ ಯಾರಾದರೂ ನೋಡಬೇಕಲ್ವಾ? ನೋಡಬೇಕಾದವರು ಯಾರು? ಖರ್ಚು ಯಾರದ್ದು? ಇದು ಗೊತ್ತಾಗದೆ ನಕ್ಷೆ ಬರೆದರೆ ನಾಳೆ ಅಲ್ಲಿ ಮನೆ ಕಟ್ಟಿದವರು ಬೋರ್ ನೀರು ಕುಡಿಯಬಹುದಾ? ವಿಷಯ ಗೊತ್ತಿರುವವರು ದಯವಿಟ್ಟು ಬರೆಯಿರಿ. ಪಕ್ಷಗಳ ಜಗಳ ಇಲ್ಲಿ ಬೇಡ.

ಭದ್ರಾ ದಂಡೆ

ಪ್ರಶ್ನೆ ಸರಿ ಇದೆ ಮೇಡಂ. ಆದರೆ ನಮ್ಮೂರಿಗೆ ಮೊದಲು ಕೆಲಸ ಬೇಕು. 2001ರ ಜನಗಣತಿಯಲ್ಲಿ ಭದ್ರಾವತಿ ನಗರದ ಜನಸಂಖ್ಯೆ 1 ಲಕ್ಷ 60 ಸಾವಿರ ದಾಟಿತ್ತು. 2011ಕ್ಕೆ 1 ಲಕ್ಷ 51 ಸಾವಿರಕ್ಕೆ ಇಳಿಯಿತು. ಕರ್ನಾಟಕದಲ್ಲಿ ಹೆಚ್ಚಿನ ಊರುಗಳು ಬೆಳೆಯುವಾಗ ನಮ್ಮದು ಕುಗ್ಗಿತು. ಅದೂ ಎಂಪಿಎಂ ನಿಲ್ಲುವುದಕ್ಕೆ ಮೊದಲಿನ ಲೆಕ್ಕ. ಮಣ್ಣು ಪರೀಕ್ಷೆ ಅಂತ ಕೂತರೆ ಇನ್ನೂ ಹತ್ತು ವರ್ಷ ಹೋಗುತ್ತದೆ. ಅಷ್ಟರಲ್ಲಿ ಊರಲ್ಲಿ ಯುವಕರು ಉಳಿಯುವುದಿಲ್ಲ.

ತರೀಕೆರೆ ಟ್ರಾಮ್

ಎಂಪಿಎಂ, ಉಕ್ಕಿನ ಕಾರ್ಖಾನೆ ವಿಐಎಸ್ಎಲ್, ಎರಡೂ ಮುಚ್ಚಿ ಆಯಿತು, ಇನ್ನೇನು ಉಳಿದಿದೆ. ಒಟ್ಟಿಗೇ ಯೋಜನೆ ಮಾಡಲಿ.

ಬೆಂಕಿಪುರ

@ತರೀಕೆರೆ ಟ್ರಾಮ್, ವಿಐಎಸ್ಎಲ್ ಮುಚ್ಚಿಲ್ಲ. ಇದನ್ನು ಸುಮ್ನೆ ಹಾಗೆ ಹೇಳಬೇಡಿ, ಒಳಗೆ ದುಡಿಯುವವರಿಗೆ ನೋವಾಗುತ್ತದೆ. 2023ರ ಜನವರಿಯಲ್ಲಿ ಅದನ್ನು ನಡೆಸುವ ಕೇಂದ್ರದ ಉಕ್ಕು ಕಂಪನಿ ಸೈಲ್‌ನ ಆಡಳಿತ ಮಂಡಳಿ ಮುಚ್ಚುವ ತೀರ್ಮಾನ ಮಾಡಿತ್ತು. ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಉಕ್ಕಿನ ಸರಳು ಮಾಡುವ ಬಾರ್ ಮಿಲ್ ಮತ್ತೆ ಶುರುವಾಯಿತು. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಕಾರ್ಖಾನೆ ಅದು. ಅದರ ಪುನಶ್ಚೇತನದ ಬೇಡಿಕೆಯನ್ನು ಖಾಲಿ ಜಾಗದ ಚರ್ಚೆ ಜೊತೆ ಬೆರೆಸಬೇಡಿ. ಯಂತ್ರ ಓಡುವವರೆಗೂ ಅದು ಕಾರ್ಖಾನೆ.

ನ್ಯೂಟೌನ್ ರವಿ

ಬೆಂಕಿಪುರ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಭೂಮಿ ಬಗ್ಗೆ ಮಾತು ಎತ್ತಿದ ಕೂಡಲೇ ಮುಚ್ಚುವವರಿಗೆ ದಾರಿ ಮಾಡಿಕೊಟ್ಟ ಹಾಗೆ ಆಗುತ್ತದೆ.

ಪೇಪರ್‌ಟೌನ್ ಹುಡುಗಿ

ಒಪ್ಪುತ್ತೇನೆ. ಈ ಚರ್ಚೆ ನಿಂತಿರುವ ಜಾಗಗಳ ಬಗ್ಗೆ ಮಾತ್ರ ಇರಲಿ. ಎಂಪಿಎಂ, ಹಾಗೇ ಶಿವಮೊಗ್ಗ ಸುತ್ತಮುತ್ತ ಇಂಥ ಬೇರೆ ಜಾಗಗಳು. ಆದರೆ ರವಿಯವರೇ, ಓಡುವ ಕಾರ್ಖಾನೆಯಲ್ಲೂ ಬಳಕೆ ಬಿಟ್ಟ ಮೂಲೆಗಳು ಇರುತ್ತವೆ. ಅವುಗಳ ದಾಖಲೆ ಇಟ್ಟುಕೊಳ್ಳಿ ಅಂದರೆ ಮುಚ್ಚಿ ಅಂದ ಹಾಗಲ್ಲ.

ಕಿಟ್ಟದ ಗುಡ್ಡ

ನಾನು ಸಿವಿಲ್ ಎಂಜಿನಿಯರ್. ಇಂಥ ಎರಡು ಮೂರು ಹಳೇ ಜಾಗಗಳಲ್ಲಿ ಅಡಿಪಾಯದ ಕೆಲಸ ಮಾಡಿಸಿದ್ದೇನೆ, ಎಲ್ಲ ಬೇರೆ ಜಿಲ್ಲೆಯವು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಯಾವ ಕಾರ್ಖಾನೆ ಅನ್ನುವುದರ ಮೇಲೆ ಏನು ಹುಡುಕಬೇಕು ಅನ್ನುವುದು ನಿಂತಿದೆ. ಕಾಗದದ ಕಾರ್ಖಾನೆ ಅಂದರೆ ಕ್ಲೋರಿನ್‌ನಿಂದ ಬಿಳುಪು ಮಾಡುವಾಗ ಹುಟ್ಟುವ ಕ್ಲೋರಿನ್ ಸಂಯುಕ್ತಗಳು. ಅವುಗಳಲ್ಲಿ ಕೆಲವು, ಮುಖ್ಯವಾಗಿ ಡಯಾಕ್ಸಿನ್ ಗುಂಪಿನವು, ಮಣ್ಣಲ್ಲಿ ಹತ್ತಾರು ವರ್ಷ ಕೂತಿರುತ್ತವೆ. ಸುಣ್ಣದ ಕೆಸರು, ಬಾಯ್ಲರ್ ಬೂದಿ ಕೂಡ ಇರುತ್ತದೆ. ಉಕ್ಕು, ಎರಕದ ಜಾಗ ಅಂದರೆ ಟಾರು, ಎಣ್ಣೆ, ಕ್ರೋಮಿಯಂ, ಸೀಸ, ಸತು. ಇವು ಇದ್ದೇ ಇವೆ ಅಂತ ನಾನು ಯಾವ ಜಾಗದ ಬಗ್ಗೆಯೂ ಹೇಳುತ್ತಿಲ್ಲ. ಹುಡುಕಬೇಕಾದ ಪಟ್ಟಿ ಇದು ಅಷ್ಟೆ.

ಹುಡುಕುವುದು ಹೇಗೆ? ಜಾಗಕ್ಕೆ ಚೌಕಾಕಾರದ ಗೆರೆ ಹಾಕಿ, ಪ್ರತಿ ಚೌಕದಲ್ಲೂ ಮೇಲ್ಮಣ್ಣು, ಆಳದ ಮಣ್ಣು ಎರಡನ್ನೂ ತೆಗೆಯುತ್ತಾರೆ. ಸುತ್ತ ಕೊಳವೆ ಕೊರೆದು ಅಂತರ್ಜಲ ನೋಡುತ್ತಾರೆ. ನಮ್ಮ ಕಡೆ ಇದನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡಲೇಬೇಕು. ಮಳೆಗಾಲದಲ್ಲಿ ನೀರಿನ ಮಟ್ಟ ಮೇಲೇರಿ ಅಡಿಯಲ್ಲಿದ್ದದ್ದನ್ನು ಎತ್ತಿಕೊಂಡು ನದಿ ಕಡೆ ಹೊರಡುತ್ತದೆ. ಒಂದೇ ಸಲ ಏಪ್ರಿಲ್‌ನಲ್ಲಿ ನೋಡಿ ಎಲ್ಲ ಸರಿ ಇದೆ ಅಂದರೆ ನಂಬಬೇಡಿ.

ಹತ್ತು ವರ್ಷ ಬೇಡ ಭದ್ರಾ ದಂಡೆಯವರೇ. ಮನಸ್ಸಿದ್ದರೆ ಒಂದು ವರ್ಷದಲ್ಲಿ ಮುಗಿಯುವ ಕೆಲಸ.

ಭದ್ರಾ ದಂಡೆ

ಮನಸ್ಸಿದ್ದರೆ ಅಂದಿರಲ್ಲ, ಅಲ್ಲೇ ಇರುವುದು ಕಥೆ.

ಹಳೇನಗರ

ಗುಜರಿಗೆ ಹಾಕುವಾಗಲೇ ಅರ್ಧ ಹಾಳಾಗುವುದು. ಅದನ್ನು ಯಾರೂ ಹೇಳುವುದಿಲ್ಲ.

ಕಿಟ್ಟದ ಗುಡ್ಡ

@ಹಳೇನಗರ, ಇದು ಬಹಳ ಮುಖ್ಯ. ಕಾರ್ಖಾನೆ ಓಡುವಾಗ ಆಗದ ಮಾಲಿನ್ಯ ಬಿಚ್ಚುವಾಗ ಆಗುತ್ತದೆ. ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಅನ್ನುವ ರಾಸಾಯನಿಕ ಇರಬಹುದು. 2016ರ ಕೇಂದ್ರದ ಆದೇಶದ ಪ್ರಕಾರ 2025ರ ಡಿಸೆಂಬರ್ 31ರ ನಂತರ ಅದನ್ನು ಯಾವ ರೂಪದಲ್ಲೂ ಬಳಸುವಂತಿಲ್ಲ. ಗುಜರಿ ಹರಾಜು ಹಿಡಿದವರಿಗೆ ಬೇಕಾದ್ದು ಒಳಗಿನ ತಾಮ್ರ. ಎಣ್ಣೆಯನ್ನು ಅಲ್ಲೇ ನೆಲಕ್ಕೆ ಸುರಿದರೆ ಕೇಳುವವರಿಲ್ಲ. ಕಲ್ನಾರಿನ ಶೀಟುಗಳೂ ಹಾಗೇ. ಛಾವಣಿಯ ಮೇಲೆ ಅಖಂಡವಾಗಿ ಇರುವಷ್ಟು ದಿನ ಅಪಾಯ ಕಡಿಮೆ. ಜೆಸಿಬಿ ತಂದು ಒಡೆದರೆ ಎಳೆಗಳು ಗಾಳಿಗೆ ಬರುತ್ತವೆ. ಅದನ್ನು ಒದ್ದೆ ಮಾಡಿ, ಶೀಟ್ ಒಡೆಯದೆ ಇಳಿಸಬೇಕು.

ಹಾಗಾಗಿ ಮೊದಲ ಬೇಡಿಕೆ ಇದಾಗಬೇಕು: ಪರೀಕ್ಷೆ ಮುಗಿಯುವ ತನಕ ಗುಜರಿ ಹರಾಜು ಇಲ್ಲ.

ನ್ಯೂಟೌನ್ ರವಿ

ಇದು ಗೊತ್ತೇ ಇರಲಿಲ್ಲ ಸರ್. ಶೀಟು ಒಡೆಯುವ ಕೆಲಸಕ್ಕೆ ದಿನಗೂಲಿಗೆ ಹೋಗುವ ಹುಡುಗರನ್ನು ನೋಡಿದ್ದೇನೆ. ಬಾಯಿಗೆ ಕರ್ಚೀಫೂ ಇರುವುದಿಲ್ಲ.

ಕೂಡ್ಲಿ ಸಂಗಮ

ಕಬ್ಬಿಣ, ಉಕ್ಕು ಕರಗಿಸುವಾಗ ಉಳಿಯುವ ಕಿಟ್ಟವನ್ನು ರಸ್ತೆಗೆ, ಸೈಟ್ ತುಂಬಿಸಲಿಕ್ಕೆ ಬಳಸಬಹುದಾ? ನಮ್ಮ ಕಡೆ ಒಬ್ಬರು ಮನೆ ಅಡಿಪಾಯಕ್ಕೆ ಹಾಕಿಸಿದ್ದಾರೆ.

ಕಿಟ್ಟದ ಗುಡ್ಡ

ಎರಡು ಬಗೆ ಇದೆ. ಊದುಕುಲುಮೆಯ ಕಿಟ್ಟ ಒಳ್ಳೆಯದು, ಅದನ್ನು ಅರೆದು ಸಿಮೆಂಟಿಗೇ ಹಾಕುತ್ತಾರೆ. ಉಕ್ಕು ಮಾಡುವಾಗ ಬರುವ ಕಿಟ್ಟದಲ್ಲಿ ಅರಳದ ಸುಣ್ಣ ಉಳಿದಿರುತ್ತದೆ. ನೀರು ತಾಗಿದರೆ ಅದು ಅರಳುತ್ತದೆ, ಉಬ್ಬುತ್ತದೆ. ತಿಂಗಳುಗಟ್ಟಲೆ ಬಯಲಲ್ಲಿ ಹರಡಿ ಮಳೆಗೆ ಬಿಟ್ಟು ಹದ ಮಾಡಿದ ಮೇಲೆ ರಸ್ತೆಗೆ ಬಳಸಬಹುದು. ಮನೆ ನೆಲದ ಕೆಳಗೆ ಮಾತ್ರ ಬೇಡವೇ ಬೇಡ. ಟೈಲ್ಸ್ ಎದ್ದು ಬರುತ್ತವೆ, ಗೋಡೆ ಸೀಳುತ್ತದೆ.

ಕೂಡ್ಲಿ ಸಂಗಮ

ಅವರ ಮನೆ ಗೋಡೆ ಆಗಲೇ ಬಿರುಕು ಬಿಟ್ಟಿದೆ. ಅವರಿಗೆ ಇದನ್ನು ಕಳಿಸುತ್ತೇನೆ.

ಕಾನೂನು ಕಟ್ಟೆ

ಯಾರ ಜವಾಬ್ದಾರಿ ಅನ್ನುವ ಪ್ರಶ್ನೆಗೆ ಬರುತ್ತೇನೆ. 2025ರ ಜುಲೈಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಜಾಗಗಳ ನಿರ್ವಹಣೆಗೆ ಅಂತಲೇ ಹೊಸ ನಿಯಮ ತಂದಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ. ಅಲ್ಲಿಯ ತನಕ ನಮ್ಮಲ್ಲಿ ಇದಕ್ಕೆ ಪ್ರತ್ಯೇಕ ನಿಯಮವೇ ಇರಲಿಲ್ಲ. ದೇಶದಲ್ಲಿ 103 ಜಾಗಗಳನ್ನು ಕಲುಷಿತ ಅಂತ ಗುರುತಿಸಿದ್ದರೂ ಶುದ್ಧ ಮಾಡುವ ಕೆಲಸ ಶುರುವಾಗಿದ್ದು ಏಳರಲ್ಲಿ ಮಾತ್ರ.

ಹೊಸ ನಿಯಮ ಹೇಳುವುದು ಹೀಗೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನ ಇರುವ ಜಾಗಗಳ ವರದಿ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದೊಳಗೆ ಮೊದಲ ತಪಾಸಣೆ ಮಾಡಬೇಕು. ಅನುಮಾನ ನಿಜ ಅನ್ನಿಸಿದರೆ ಇನ್ನೂ 90 ದಿನದಲ್ಲಿ ವಿವರವಾದ ಸಮೀಕ್ಷೆ. ಮಾಲಿನ್ಯ ಮಾಡಿದವರೇ ಖರ್ಚು ಕೊಡಬೇಕು. ಅವರು ಸಿಗದಿದ್ದರೆ, ಅಥವಾ ಅವರಿಗೆ ಶಕ್ತಿ ಇಲ್ಲದಿದ್ದರೆ ಕೇಂದ್ರ, ರಾಜ್ಯ ಸರ್ಕಾರಗಳು ಭರಿಸಬೇಕು.

ಎಂಪಿಎಂ 1977ರಿಂದ ರಾಜ್ಯ ಸರ್ಕಾರದ ಕಂಪನಿ. ಏನಾದರೂ ಸಿಕ್ಕಿದರೆ ಬಿಲ್ ಯಾವ ದಾರಿಯಲ್ಲಿ ಹೋದರೂ ವಿಧಾನಸೌಧದ ಬಾಗಿಲಿಗೇ ಬರುತ್ತದೆ. ಆದ್ದರಿಂದಲೇ ಮೊದಲೇ ಕೇಳಬೇಕು. ಜಾಗ ಖಾಸಗಿಯವರ ಕೈಗೆ ಹೋದ ಮೇಲೆ ಪರೀಕ್ಷೆ ಮಾಡಿದರೆ ಹಳಬರು ಹೊಸಬರನ್ನು, ಹೊಸಬರು ಹಳಬರನ್ನು ತೋರಿಸಿಕೊಂಡು ಕೋರ್ಟಿಗೆ ಅಲೆಯುತ್ತಾರೆ.

ಸಂಸೆ ಗುಡ್ಡ

ಆ ನಿಯಮದಲ್ಲಿ ಗಣಿಗಾರಿಕೆಯ ಮಾಲಿನ್ಯ ಸೇರಿಲ್ಲ, ಅದನ್ನೂ ಹೇಳಿ ಸರ್. ಹಾಗಾಗಿ ನಮ್ಮ ಕುದುರೆಮುಖಕ್ಕೆ ಅದರಿಂದ ಉಪಯೋಗ ಇಲ್ಲ. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಇಪ್ಪತ್ತು ವರ್ಷ ಕಳೆದರೂ ಲಕ್ಯಾ ಅಣೆಕಟ್ಟಿನ ಹಿಂದೆ ಅದಿರು ತೊಳೆದ ಹೂಳು ಹಾಗೇ ಕೂತಿದೆ. ನೂರು ಮೀಟರ್‌ಗೂ ಎತ್ತರದ ಕಟ್ಟೆ. ಸುರಿಯುವ ಮಳೆಯಲ್ಲಿ ಅದನ್ನು ಕಾಯುವುದೇ ಒಂದು ಕೆಲಸ, ಅದೂ ಎಂದೆಂದಿಗೂ. ಕೆಳಗೆ ಭದ್ರೆ. ಅವಳೇ ಲಕ್ಕವಳ್ಳಿ ಡ್ಯಾಂ ತುಂಬಿಸಿ ನಿಮ್ಮ ಭದ್ರಾವತಿಗೆ ಬರುವವಳು.

ತರೀಕೆರೆ ಟ್ರಾಮ್

ಕುದುರೆಮುಖದ ಖಾಲಿ ಮನೆಗಳನ್ನು ಟೂರಿಸಂಗೆ ಕೊಡಬಹುದಿತ್ತು. ಕೆಮ್ಮಣ್ಣುಗುಂಡಿಯೂ ಗಣಿ ಊರೇ ತಾನೆ? ಅಲ್ಲಿಂದ ರೋಪ್‌ವೇನಲ್ಲಿ ಅದಿರು ಇಳಿದು ಭದ್ರಾವತಿಗೆ ಬರುತ್ತಿತ್ತು. ಈಗ ಗಿರಿಧಾಮ.

ಸಂಸೆ ಗುಡ್ಡ

ಎರಡೂ ಒಂದೇ ಅಲ್ಲ ಮಾರಾಯ್ರೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ನಡುವೆ ಇದೆ. ಸಿಂಗಳೀಕ ಇರುವ ಕಾಡು. ಅಲ್ಲಿ ರೆಸಾರ್ಟ್ ಬೇಡ. ಗಣಿ ನಿಲ್ಲಿಸಲು ಜನ ಹೋರಾಡಿದ್ದು ರೆಸಾರ್ಟಿಗಾಗಿ ಅಲ್ಲ.

ಮೂಡಿಗೆರೆ ಕಾಫಿ

ರಾಷ್ಟ್ರೀಯ ಉದ್ಯಾನ ಅಂತ ಹೇಳಿ ಒಳಗಿದ್ದ ಗೌಡಲು, ಮಲೆಕುಡಿಯರ ಕುಟುಂಬಗಳಿಗೆ ರಸ್ತೆ, ಕರೆಂಟು ಕೊಡಲಿಲ್ಲ. ಪಕ್ಕದಲ್ಲೇ ಗಣಿ ಟೌನ್‌ಶಿಪ್‌ಗೆ ಎಲ್ಲ ಇತ್ತು. ಅದನ್ನೂ ನೆನಪಿಡಿ.

ಆಗುಂಬೆ ಮಳೆ

ಚರ್ಚೆ ಎಲ್ಲೆಲ್ಲೋ ಹೋಗುತ್ತಿದೆ 🙂 ಎಂಪಿಎಂಗೆ ವಾಪಸ್ ಬನ್ನಿ.

ಕಾನು ಮನೆ

ಎಂಪಿಎಂಗೇ ಬರುತ್ತೇನೆ. ಎಲ್ಲರೂ ಕಾಂಪೌಂಡ್ ಗೋಡೆಯ ಒಳಗೆ ನೋಡುತ್ತಿದ್ದೀರಿ. ಎಂಪಿಎಂ ಜಾಗ ಗೋಡೆಯ ಒಳಗೆ ಮಾತ್ರ ಇಲ್ಲ. ಮಲೆನಾಡಿನ ಉದ್ದಗಲಕ್ಕೂ ಇಪ್ಪತ್ತು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡನ್ನು ಕಾರ್ಖಾನೆಗೆ ನೆಡುತೋಪು ಬೆಳೆಸಲು ಗುತ್ತಿಗೆ ಕೊಟ್ಟಿದ್ದರು. 40 ವರ್ಷದ ಗುತ್ತಿಗೆ 2020ಕ್ಕೆ ಮುಗಿಯಿತು. ಕಾರ್ಖಾನೆ ನಿಂತು ಐದು ವರ್ಷ ಆಗಿತ್ತು. ಆದರೂ ಸರ್ಕಾರ ಇನ್ನೂ 40 ವರ್ಷಕ್ಕೆ ಮುಂದುವರಿಸಿತು. ಆಗಲೇ ಶಿವಮೊಗ್ಗದಲ್ಲಿ "ನಮ್ಮೂರಿಗೆ ಅಕೇಶಿಯಾ ಮರ ಬೇಡ" ಹೋರಾಟ ಎದ್ದಿದ್ದು.

ನಮ್ಮ ಮನೆ ಹಿಂದಿನ ಕಾನು, ಅಂದರೆ ಹಳೇ ನಿತ್ಯಹಸಿರು ಕಾಡು, ನೋಡಿ ಬೆಳೆದವನು ನಾನು. ಒಂದು ಕಡೆ ಕಾನು. ಹಲಸು, ಮುರುಗಲು, ಉಪ್ಪಾಗೆ, ವಾಟೆ, ರಾಮಪತ್ರೆ. ಇನ್ನೊಂದು ಕಡೆ ಸಾಲು ಸಾಲು ಅಕೇಶಿಯಾ. ಅದರ ಕೆಳಗೆ ದರಕು (ಉದುರಿದ ಒಣ ಎಲೆ) ಹಾಸಿಕೊಂಡಿರುತ್ತದೆ, ಬೇಗ ಕೊಳೆಯುವುದೇ ಇಲ್ಲ. ತೋಟಕ್ಕೆ ಗೊಬ್ಬರ ಮಾಡೋಣ ಅಂದರೂ ಆಗದು. ಹಣ್ಣಿನ ಮರ ಇಲ್ಲದ ಮೇಲೆ ಮಂಗ ತೋಟಕ್ಕೆ ಬರದೆ ಎಲ್ಲಿಗೆ ಹೋಗಬೇಕು?

ಕಾರ್ಖಾನೆಗಾಗಿ ಹುಟ್ಟಿದ ಭೂಮಿ ಅಂದರೆ ಇದೂ ಸೇರಬೇಕು. ಗೋಡೆಯ ಒಳಗಿನದು ಒಂದು ಊರಿನ ಪ್ರಶ್ನೆ. ಇದು ನೂರಾರು ಹಳ್ಳಿಗಳ ಪ್ರಶ್ನೆ.

ಸೊಪ್ಪಿನಬೆಟ್ಟ

ಕಾನು ಮನೆ ಅಣ್ಣ ಸರಿಯಾದ ಮಾತು ಹೇಳಿದರು. 👏

ಹೊಸನಗರ ರೈತ

ಎಲ್ಲ ಅಕೇಶಿಯಾ ಕಡಿದು ಹಾಕಿದರೆ ಆಯಿತು. ಕಾಡು ತಾನಾಗೇ ಬರುತ್ತದೆ.

ಬೀಜದುಂಡೆ

@ಹೊಸನಗರ ರೈತ, ಹಾಗೆ ಬರುವುದಿಲ್ಲ ಸರ್. ಅಕೇಶಿಯಾ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂತಿರುತ್ತದೆ. ಪೂರ್ತಿ ಬೋಳು ಮಾಡಿ ಬಿಸಿಲು ಬಿಟ್ಟರೆ, ಅಥವಾ ಬೆಂಕಿ ಬಿದ್ದರೆ, ಮೊದಲ ಮಳೆಗೆ ಅದೇ ಸಾವಿರಗಟ್ಟಲೆ ಹುಟ್ಟುತ್ತದೆ. ಮತ್ತೆ ಅಕೇಶಿಯಾ ಕಾಡೇ.

ಅದಕ್ಕೆ ನೆರಳು ಆಗುವುದಿಲ್ಲ. ಅದೇ ನಮ್ಮ ಉಪಾಯ ಆಗಬೇಕು. ಹಂತಹಂತವಾಗಿ ಕೆಲವನ್ನೇ ತೆಗೆದು, ಉಳಿದ ನೆರಳಲ್ಲಿ ನಮ್ಮ ಗಿಡ ಏಳಲು ಬಿಡಬೇಕು. ಹತ್ತಿರ ಹಳೇ ಕಾನು ಇದ್ದ ಕಡೆ ಹಕ್ಕಿ, ಬಾವಲಿ ಬೀಜ ತರುತ್ತವೆ. ಅಲ್ಲಿ ನೆಡುವ ಕೆಲಸ ಕಡಿಮೆ, ಕಾಯುವ ಕೆಲಸ ಜಾಸ್ತಿ. ಕಾನು ದೂರ ಇದ್ದ ಕಡೆ ನೇರಳೆ, ನೆಲ್ಲಿ, ಅಂಟುವಾಳ, ಮತ್ತಿ, ಹೊನ್ನೆ ನೆಡಬೇಕು. ದನ, ಬೆಂಕಿ ಬೀಳದ ಹಾಗೆ ನಾಲ್ಕೈದು ವರ್ಷ ನೋಡಿಕೊಳ್ಳಬೇಕು. ಗುಡ್ಡದ ನೆತ್ತಿಗೂ ಹಳ್ಳದ ಬದಿಗೂ ಒಂದೇ ಗಿಡ ನೆಟ್ಟರೆ ಅದೂ ಇನ್ನೊಂದು ನೆಡುತೋಪು ಆಗುತ್ತದೆ.

ನಮ್ಮೂರಿನ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಒಂದು ತುಂಡಿನಲ್ಲಿ ಇದನ್ನು ಮಾಡಿದ್ದೇವೆ. ಮುರುಗಲು ಈಗ ಆಳೆತ್ತರ ದಾಟಿದೆ.

ಹೊಸನಗರ ರೈತ

ಆಳೆತ್ತರ ಆಗಲಿಕ್ಕೆ ಎಷ್ಟು ವರ್ಷ? ಅಷ್ಟು ದಿನ ಸೌದೆಗೆ ಏನು ಮಾಡುವುದು? ಅಕೇಶಿಯಾ ಬಂದ ಮೇಲೆ ಬಡವರ ಮನೆ ಒಲೆಗೆ ಕಟ್ಟಿಗೆ ಸಿಕ್ಕಿದೆ. ಅದರಿಂದ ಬಾಗಿಲು, ಮಂಚ ಮಾಡಿಕೊಂಡವರು ಇದ್ದಾರೆ. ಬೀಟೆ, ಸಾಗುವಾನಿ ಮುಟ್ಟಿದರೆ ಕೇಸು. ಎಲ್ಲವನ್ನೂ ಬೈಯಬೇಡಿ.

ಕಾನು ಮನೆ

ಇದು ನ್ಯಾಯವಾದ ಮಾತು. ಅದಕ್ಕೇ ಊರಿನ ಹತ್ತಿರದ ಸ್ವಲ್ಪ ಜಾಗ ಸೌದೆಗೆ ಅಂತಲೇ ಬಿಡಲಿ, ಗ್ರಾಮ ಅರಣ್ಯ ಸಮಿತಿ ಕೈಯಲ್ಲಿ ಇರಲಿ. ಉಳಿದದ್ದು ಕಾಡಿಗೆ ಮರಳಲಿ. ಕಡಿದ ಅಕೇಶಿಯಾ ಮಾರಿದ ಹಣ ಆ ಕಾಡಿಗೇ ಖರ್ಚಾಗಲಿ, ಕಂಪನಿಯ ಹಳೇ ಸಾಲಕ್ಕೆ ಹೋಗುವುದು ಬೇಡ.

ಬೆಂಕಿಪುರ

ಕಾಡಿನ ಮಾತು ಬಂದದ್ದಕ್ಕೆ ಒಂದು ಮಾತು. ನಮ್ಮ ಕಬ್ಬಿಣದ ಕಾರ್ಖಾನೆಯ ಮೊದಲ ಕುಲುಮೆ ಓಡಿದ್ದು ಕಲ್ಲಿದ್ದಲಿನಿಂದ ಅಲ್ಲ, ಮಲೆನಾಡಿನ ಮರದ ಇದ್ದಿಲಿನಿಂದ. ಮರ ಬಟ್ಟಿ ಇಳಿಸುವ ಘಟಕವೂ ಇತ್ತು. ಇದ್ದಿಲಿನ ಜೊತೆಗೆ ಮರದ ಟಾರು, ಮೀಥೈಲ್ ಆಲ್ಕೋಹಾಲ್ ತೆಗೆಯುತ್ತಿದ್ದರು. ನಮ್ಮ ಊರು ಕಾಡಿಗೆ ಸಾಲಗಾರ. ಕಾರ್ಮಿಕರ ಮಕ್ಕಳಾದ ನಾವೂ ಕಾನು ಮನೆಯವರ ಬೇಡಿಕೆಗೆ ದನಿ ಸೇರಿಸಬೇಕು.

ಪೇಪರ್‌ಟೌನ್ ಹುಡುಗಿ

ಇದು ನನಗೆ ಹೊಳೆದಿರಲೇ ಇಲ್ಲ. ಎರಡೂ ಬೇಡಿಕೆ ಒಂದೇ ಅರ್ಜಿಯಲ್ಲಿ ಹೋಗಬೇಕು ಅನ್ನಿಸುತ್ತಿದೆ.

ಬೆಂಗಳೂರಲ್ಲಿ ಭದ್ರಾವತಿ

ಗೋಡೆಯ ಒಳಗಿನ ಜಾಗಕ್ಕೆ ಜರ್ಮನಿಯ ಡ್ಯೂಸ್‌ಬರ್ಗ್ ನೋಡಿ. 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆ. ಕುಲುಮೆಗಳನ್ನು ಕೆಡವದೆ ಹಾಗೇ ಉಳಿಸಿ 1994ರಲ್ಲಿ ಉದ್ಯಾನ ಮಾಡಿದರು. ಅನಿಲ ತುಂಬುವ ಟ್ಯಾಂಕಿಗೆ ನೀರು ತುಂಬಿಸಿ ಈಗ ಅಲ್ಲಿ ಡೈವಿಂಗ್ ಕಲಿಸುತ್ತಾರೆ. ಹೆಚ್ಚು ವಿಷ ಇದ್ದ ಮಣ್ಣನ್ನು ಹಳೇ ಬಂಕರುಗಳಲ್ಲಿ ಹಾಕಿ ಮುಚ್ಚಿದರು. ಸಣ್ಣ ಪ್ರಮಾಣದಲ್ಲಿ ಇದ್ದ ಕಡೆ ಗಿಡ ಬೆಳೆಯಲು ಬಿಟ್ಟರು.

ಭದ್ರಾ ದಂಡೆ

ಜರ್ಮನಿ ಕಥೆ ಬೇಡ ಸ್ವಾಮಿ. ಅವರ ಹತ್ತಿರ ದುಡ್ಡಿದೆ. ನಮ್ಮ ದೇಶದ್ದು ಹೇಳಿ.

ಕಾನೂನು ಕಟ್ಟೆ

ನಮ್ಮ ದೇಶದ್ದೇ ಹೇಳುತ್ತೇನೆ. ಮುಂಬೈ ಬಟ್ಟೆ ಗಿರಣಿಗಳ ಜಾಗಕ್ಕೆ 1991ರಲ್ಲಿ ಒಂದು ಒಳ್ಳೆ ನಿಯಮ ಬಂತು. ಮೂರರಲ್ಲಿ ಒಂದು ಪಾಲು ಊರಿನ ಮೈದಾನ, ಉದ್ಯಾನಕ್ಕೆ. ಒಂದು ಪಾಲು ಬಡವರ ಮನೆಗಳಿಗೆ. ಉಳಿದದ್ದು ಮಾಲೀಕರಿಗೆ. 2001ರಲ್ಲಿ ತಿದ್ದುಪಡಿ ಮಾಡಿ, ಈ ಹಂಚಿಕೆ ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಅಂದರು. ಗಿರಣಿಗಳಲ್ಲಿ ಖಾಲಿ ಜಾಗ ಎಷ್ಟಿರುತ್ತದೆ? ಊರಿನ ಪಾಲು ಕರಗಿ ಹೋಯಿತು. ಈಗ ಅಲ್ಲಿ ಮಾಲ್‌ಗಳು, ಗೋಪುರಗಳು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು.

ನಮಗೆ ಪಾಠ ಇದೇ. ಯೋಜನೆಯಲ್ಲಿ ಊರಿನ ಪಾಲು ಅಂತ ಬರೆದರೆ ಸಾಲದು. ಯಾವ ಸರ್ವೆ ನಂಬರು, ಎಷ್ಟು ಎಕರೆ, ಯಾವ ಮೂಲೆ ಅಂತ ನಕ್ಷೆಯಲ್ಲಿ ಗುರುತು ಬೀಳಬೇಕು.

ಕೋಲಾರದಿಂದ ಬಂದವ

ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದು ನೆಲೆಸಿದವನು, ಮೂಲ ಕೆಜಿಎಫ್. ನಮ್ಮಲ್ಲಿ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ಗುಡ್ಡಗಳು, ಅಂದರೆ ಚಿನ್ನ ತೆಗೆದು ಉಳಿದ ಪುಡಿಯ ರಾಶಿಗಳು, ಇವತ್ತಿಗೂ ಹಾಗೇ ಇವೆ. ಗಾಳಿ ಬೀಸುವ ತಿಂಗಳಲ್ಲಿ ಆ ಬಿಳಿ ಪುಡಿ ಮನೆಯೊಳಗೆ ಬರುತ್ತದೆ, ಅನ್ನದ ತಟ್ಟೆ ಮುಚ್ಚಿಟ್ಟು ಊಟ ಮಾಡಬೇಕು. ಮುಚ್ಚಿದ ಮೊದಲ ಎರಡು ಮೂರು ವರ್ಷದಲ್ಲಿ ಜನ ಒಗ್ಗಟ್ಟಾಗಿದ್ದರು. ಆಮೇಲೆ ಎಲ್ಲರೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋದರು, ಕೇಳುವವರು ಕಡಿಮೆಯಾದರು. ನೀವು ತಡ ಮಾಡಬೇಡಿ. ಇಷ್ಟೇ ನನ್ನ ಮಾತು.

ನ್ಯೂಟೌನ್ ರವಿ

ಇದನ್ನು ಓದಿ ಹೊಟ್ಟೆ ಉರಿಯಿತು ಅಣ್ಣ.

ನಿವೃತ್ತ ಫಿಟ್ಟರ್

ನಾನು ಬೇರೆ ಜಿಲ್ಲೆಯ ಒಂದು ಕಾಗದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಈಗ ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಬೈಲಲ್ಲಿ ಟೈಪ್ ಮಾಡುವುದು ನಿಧಾನ.

ಎಂಜಿನಿಯರ್ ಸಾಹೇಬರು ಚೌಕ ಚೌಕ ಮಾಡಿ ಮಣ್ಣು ತೆಗೆಯಬೇಕು ಅಂದರು. ಸರಿ. ಆದರೆ ಚೌಕದ ನಡುವೆ ತಪ್ಪಿ ಹೋಗುವುದು ಬಹಳ ಇರುತ್ತದೆ. ನಮ್ಮ ಕಾರ್ಖಾನೆಯಲ್ಲಿ ಕ್ಲೋರಿನ್ ಸಿಲಿಂಡರ್ ಇಡುತ್ತಿದ್ದ ಶೆಡ್ಡನ್ನು ನಡುವೆ ಒಮ್ಮೆ ಬೇರೆ ಕಡೆಗೆ ಸಾಗಿಸಿದರು. ಹಳೇ ಜಾಗದಲ್ಲಿ ಈಗ ಸೈಕಲ್ ಸ್ಟ್ಯಾಂಡ್. ಒಂದು ಮಳೆಗಾಲ ಕೆಸರಿನ ಹೊಂಡ ತುಂಬಿತು ಅಂತ ಹಿಂದಿನ ಗೇಟಿನ ಹತ್ತಿರ ಗುಂಡಿ ತೋಡಿ ಹಾಕಿ ಮಣ್ಣು ಮುಚ್ಚಿದರು. ಯಾವ ಕಾಗದದಲ್ಲೂ ಅದು ಇಲ್ಲ. ನಕ್ಷೆಯಲ್ಲಿ ಇಲ್ಲ. ಗೊತ್ತಿರುವುದು ನನಗೆ, ಇನ್ನೂ ಮೂರು ನಾಲ್ಕು ಜನಕ್ಕೆ. ಅವರಲ್ಲಿ ಇಬ್ಬರು ಹೋದ ವರ್ಷ ತೀರಿಕೊಂಡರು.

ಭದ್ರಾವತಿಯಲ್ಲೂ ದುಡಿದವರು ಮುದುಕರಾಗುತ್ತಿದ್ದಾರೆ. ಸರ್ಕಾರ ಪರೀಕ್ಷೆ ಮಾಡುವ ತನಕ ಕಾಯಬೇಡಿ. ಈಗಲೇ ಅವರನ್ನು ಕೂರಿಸಿ, ನಕ್ಷೆ ಮುಂದಿಟ್ಟು ಕೇಳಿ. ಯಾವ ಟ್ಯಾಂಕ್ ಎಲ್ಲಿತ್ತು, ಪೈಪ್ ಎಲ್ಲಿ ಸೋರುತ್ತಿತ್ತು, ಬೂದಿ ಎಲ್ಲಿ ಸುರಿದರು. ಅವರು ಹೇಳುತ್ತಾರೆ. ಯಾರೂ ಕೇಳಿಲ್ಲ ಅಷ್ಟೆ.

ಕಿಟ್ಟದ ಗುಡ್ಡ

ಯಜಮಾನರೇ, ಈ ಚರ್ಚೆಯಲ್ಲಿ ಇದಕ್ಕಿಂತ ಬೆಲೆಬಾಳುವ ಮಾತು ಬಂದಿಲ್ಲ. ನಾವು ಕೊಳವೆ ಕೊರೆಯುವ ಜಾಗ ಆರಿಸುವುದೇ ಇಂಥ ಮಾಹಿತಿ ಮೇಲೆ. ಒಬ್ಬ ಹಳೇ ಕೆಲಸಗಾರರು ಬೆರಳಿಟ್ಟು ತೋರಿಸಿದರೆ ಲಕ್ಷಗಟ್ಟಲೆ ಖರ್ಚು ಉಳಿಯುತ್ತದೆ.

ಪೇಪರ್‌ಟೌನ್ ಹುಡುಗಿ

ನಮ್ಮ ಬೀದಿಯಲ್ಲೇ ನಿವೃತ್ತರಾದವರ ಏಳೆಂಟು ಮನೆಗಳಿವೆ. ನಾಳೆಯಿಂದಲೇ ಶುರು ಮಾಡುತ್ತೇನೆ. ದೊಡ್ಡ ಕಾಗದದ ಮೇಲೆ ಉಪಗ್ರಹ ಚಿತ್ರ ಪ್ರಿಂಟ್ ಹಾಕಿಸಿದರೆ ಗುರುತು ಮಾಡಲು ಸುಲಭ ಆಗಬಹುದಾ?

ಕಿಟ್ಟದ ಗುಡ್ಡ

ಆಗುತ್ತದೆ. ಹಳೇ ಚಿತ್ರ ಸಿಕ್ಕಿದರೆ ಇನ್ನೂ ಒಳ್ಳೆಯದು, ಕಾರ್ಖಾನೆ ಓಡುತ್ತಿದ್ದ ಕಾಲದ್ದು. ಯಾರು ಹೇಳಿದರು, ಯಾವ ವರ್ಷದಿಂದ ಯಾವ ವರ್ಷದ ತನಕ, ಯಾವ ವಿಭಾಗ ಅಂತ ಪಕ್ಕದಲ್ಲೇ ಬರೆಯಿರಿ. ಅವರು ಬೇಡ ಅಂದರೆ ಹೆಸರು ಬೇಡ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಎದುರು ಹೇಳಿ ಒತ್ತಾಯ ಮಾಡಬೇಡಿ, ಬೇರೆ ಬೇರೆಯಾಗಿ ಕೇಳಿ.

ಬೆಂಗಳೂರಲ್ಲಿ ಭದ್ರಾವತಿ

ಪ್ರಿಂಟ್ ಖರ್ಚು ನಾನು ಕೊಡುತ್ತೇನೆ.

ಭದ್ರಾ ದಂಡೆ

ಇಷ್ಟೆಲ್ಲ ಆದ ಮೇಲೂ ಕೆಲಸದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಪರೀಕ್ಷೆ ಆಯಿತು ಅಂದುಕೊಳ್ಳೋಣ. ಆಮೇಲೆ? ಪಾರ್ಕ್ ಮಾಡಿದರೆ ಹೊಟ್ಟೆ ತುಂಬುತ್ತದಾ?

ಕಿಟ್ಟದ ಗುಡ್ಡ

ಪಾರ್ಕ್ ಮಾತ್ರ ಮಾಡಿ ಅಂತ ಯಾರೂ ಹೇಳುತ್ತಿಲ್ಲ. ಪರೀಕ್ಷೆ ಮಾಡಿದ ಮೇಲೆ ಜಾಗ ಮೂರು ನಾಲ್ಕು ಬಗೆ ಆಗುತ್ತದೆ. ಪೂರ್ತಿ ಶುದ್ಧ ಇರುವ ಕಡೆ, ಬಹುಶಃ ಆಫೀಸು, ಕ್ವಾರ್ಟರ್ಸ್ ಕಡೆ, ನಾಳೆಯೇ ಐಟಿಐ, ಆಸ್ಪತ್ರೆ, ಮನೆ ಏನು ಬೇಕಾದರೂ ಬರಬಹುದು. ಸ್ವಲ್ಪ ಕೆಟ್ಟಿರುವ ಕಡೆ ಮೇಲೆ ಕಾಂಕ್ರೀಟು ಹಾಸಿ ಗೋದಾಮು, ವರ್ಕ್‌ಶಾಪ್ ಮಾಡಬಹುದು. ಕಾರ್ಖಾನೆ ಜಾಗಕ್ಕೆ ರೈಲು ಹತ್ತಿರ, ನೀರು ಹತ್ತಿರ, ದಪ್ಪ ವಿದ್ಯುತ್ ಲೈನು ಇರುತ್ತದೆ. ಹೊಸ ಕೈಗಾರಿಕೆಗೆ ಅದೇ ಬೇಕಾದ್ದು. ಜಾಸ್ತಿ ಕೆಟ್ಟಿರುವ ಮೂಲೆಯನ್ನು ಮಾತ್ರ ಮುಚ್ಚಿ ಕಾಯಬೇಕು. ಎಲ್ಲವನ್ನೂ ಒಟ್ಟಿಗೆ ಬೀಗ ಹಾಕಿ ಇಟ್ಟದ್ದರಿಂದಲೇ ಹತ್ತು ವರ್ಷ ಕೆಲಸ ಬಂದಿಲ್ಲ. ಪರೀಕ್ಷೆ ಮಾಡಿದರೆ ಶುದ್ಧ ಜಾಗ ಬೇಗ ಬಿಡಿಸಿಕೊಳ್ಳಬಹುದು.

ಇನ್ನೊಂದು, ಶುದ್ಧ ಮಾಡುವುದೂ ಕೆಲಸವೇ. ಶೀಟು ಇಳಿಸುವುದು, ಮಣ್ಣು ಸಾಗಿಸುವುದು, ಗಿಡ ಬೆಳೆಸುವುದು. ಕಲಿಸಿ, ರಕ್ಷಣೆ ಕೊಟ್ಟು, ಸರಿಯಾದ ಕೂಲಿ ಕೊಟ್ಟರೆ ನಮ್ಮ ಹುಡುಗರೇ ಮಾಡಬಹುದು.

ಭದ್ರಾ ದಂಡೆ

ಹೀಗೆ ಬಿಡಿಸಿ ಹೇಳಿದರೆ ಅರ್ಥ ಆಗುತ್ತದೆ. ಅರ್ಜಿಗೆ ನನ್ನದೂ ಸಹಿ ಇರಲಿ. ಆದರೆ ಮ್ಯಾನೇಜರ್‌ನಿಂದ ಹಿಡಿದು ಸೆಕ್ಯೂರಿಟಿ ತನಕ ಹೊರಗಿನವರನ್ನೇ ತಂದರೆ ನಾನೇ ಮೊದಲು ಗಲಾಟೆ ಮಾಡುವವನು.

ಸೊಪ್ಪಿನಬೆಟ್ಟ

ಸೂಡಾ (ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ) ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗ ಏನು ಅಂತ ತೋರಿಸಿದ್ದಾರೆ? ಕೈಗಾರಿಕೆಗೆ ಅಂತ ಇದ್ದರೆ ಭೂಬಳಕೆ ಬದಲಾಯಿಸುವಾಗ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕಲ್ಲ?

ಕಾನೂನು ಕಟ್ಟೆ

ಹೌದು, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಪತ್ರಿಕೆಯಲ್ಲಿ ಮೂಲೆಯಲ್ಲಿ ಸಣ್ಣ ಪ್ರಕಟಣೆ ಬರುತ್ತದೆ, ಅವಧಿ ಮುಗಿದ ಮೇಲೆ ಜನಕ್ಕೆ ಗೊತ್ತಾಗುತ್ತದೆ. ಯಾರಾದರೂ ಒಬ್ಬರು ದಿನಾ ಆ ಪುಟ ನೋಡುವ ಜವಾಬ್ದಾರಿ ಹೊರಬೇಕು.

ಅರ್ಜಿಗೆ ಮೊದಲು ಮಾಹಿತಿ ಹಕ್ಕಿನಲ್ಲಿ ಕೇಳಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಪ್ರತಿ ಕಾರ್ಖಾನೆಯೂ ವರ್ಷಕ್ಕೊಮ್ಮೆ ಪರಿಸರ ಹೇಳಿಕೆ ಸಲ್ಲಿಸಬೇಕು. ಎಷ್ಟು ನೀರು, ಎಷ್ಟು ಕಚ್ಚಾವಸ್ತು, ಏನು ತ್ಯಾಜ್ಯ, ಎಲ್ಲಿ ಹಾಕಿದರು ಅಂತ ಅದರಲ್ಲಿ ಇರುತ್ತದೆ. ಆ ಹಳೇ ಹೇಳಿಕೆಗಳ ಪ್ರತಿ ಕೇಳಿ. ಅದನ್ನೂ ಹಳೇ ಕೆಲಸಗಾರರ ನಕ್ಷೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಎಲ್ಲಿ ತಾಳೆ ಆಗುವುದಿಲ್ಲ ಅಂತ ಕಾಣುತ್ತದೆ. ಅಲ್ಲೇ ಮೊದಲು ಕೊರೆಯಲು ಹೇಳಬೇಕು.

ಎಚ್ಚರ: ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಶುಲ್ಕ 10 ರೂಪಾಯಿ. ಕಥೆ ಬರೆಯಲು ಹೋದರೆ ಅದೇ ನೆಪದಲ್ಲಿ ವಾಪಸ್ ಕಳಿಸುತ್ತಾರೆ.

ಕಾನು ಮನೆ

ಹಾಗಾದರೆ ನೆಡುತೋಪಿನದ್ದು ಬೇರೆ ಅರ್ಜಿ. ಅರಣ್ಯ ಇಲಾಖೆಗೆ. ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಹೆಕ್ಟೇರ್ ಇದೆ, ಈಗ ಅಲ್ಲಿ ಯಾವ ಮರ ಇದೆ ಅನ್ನುವ ಪಟ್ಟಿ ಮಾತ್ರ ಕೇಳುತ್ತೇನೆ. ಬೀಜದುಂಡೆಯವರೇ, ತೀರ್ಥಹಳ್ಳಿ, ಹೊಸನಗರದ್ದು ನಾನು ಹಾಕುತ್ತೇನೆ. ಸಾಗರ, ಸೊರಬದ್ದು ನೀವು ಹಾಕುತ್ತೀರಾ?

ಬೀಜದುಂಡೆ

ಹಾಕುತ್ತೇನೆ. ಸೊಪ್ಪಿನಬೆಟ್ಟದವರೂ ಜೊತೆಗೆ ಇದ್ದರೆ ಒಳ್ಳೆಯದು.

ಸೊಪ್ಪಿನಬೆಟ್ಟ

ಇದ್ದೇನೆ. ಸೋಮವಾರ ಸಾಗರಕ್ಕೆ ಹೋಗುವುದಿದೆ, ಅವತ್ತೇ ಕೊಟ್ಟು ಬರುತ್ತೇನೆ.

ಹೊಸನಗರ ರೈತ

ಸೌದೆ ಜಾಗದ ಮಾತು ಬಿಡಬೇಡಿ ಮತ್ತೆ.

ಕಾನು ಮನೆ

ಬಿಡುವುದಿಲ್ಲ. ಬೇಡಿಕೆ ಪಟ್ಟಿಯಲ್ಲಿ ಎರಡನೆಯದು ಅದೇ.

ಪೇಪರ್‌ಟೌನ್ ಹುಡುಗಿ

ಮಾಲಿನ್ಯ ಮಂಡಳಿಯ ಅರ್ಜಿ ಕರಡು ಬರೆದಿದ್ದೇನೆ, 112 ಪದ ಆಗಿದೆ. ಕಾನೂನು ಕಟ್ಟೆಯವರೇ, ನಿಮಗೆ ಮೆಸೇಜ್ ಮಾಡಿದ್ದೇನೆ, ಒಮ್ಮೆ ನೋಡಿ ಹೇಳಿ. ಯಜಮಾನ ಫಿಟ್ಟರ್ ಅವರೇ, ಹಳಬರನ್ನು ಏನೇನು ಕೇಳಬೇಕು ಅಂತ ಇನ್ನೂ ನೆನಪಾದರೆ ಇಲ್ಲೇ ಹಾಕಿ, ನಿಧಾನವಾಗಿ ಟೈಪ್ ಮಾಡಿದರೂ ಪರವಾಗಿಲ್ಲ.

ನಿವೃತ್ತ ಫಿಟ್ಟರ್

ರಾತ್ರಿ ಪಾಳಿಯಲ್ಲಿ ಏನು ಹೊರಗೆ ಬಿಡುತ್ತಿದ್ದರು ಅಂತ ಕೇಳಮ್ಮ. ಹಗಲಿನದ್ದು ಎಲ್ಲರೂ ಹೇಳುತ್ತಾರೆ.